ಮಂಗಳವಾರವೂ

ಮೊದಲು ಹೇಳಿದ್ದು ಇರುವೆಗಳು.
ಅಂಗಡಿಯ ಹಿಂದಿನ ಮರಳಿನ ಡಬ್ಬಿಗೆ
ದುರ್ಗಿಗುಡಿಯ ಇರುವೆಯೆಲ್ಲ ಸಾಲು ಹಿಡಿದು ಬಂದವು,
ಮದುವೆಮನೆಗೆ ಬಂದ ಹಾಗೆ.
ಆಮೇಲೆ ಹೇಳಿದ್ದು ನೀರಿನ ಬಟ್ಟಲು:
ಗಡ್ಡಕ್ಕೆಂದು ಇಟ್ಟದ್ದನ್ನೂ ಬಿಡದೆ ಕುಡಿದಳು,
ನೊರೆಯ ಸಮೇತ.
ಕೊನೆಗೆ ಹೇಳಿದ್ದು ಪಶು ಆಸ್ಪತ್ರೆಯ ಡಾಕ್ಟರ್ ಹುಡುಗಿ,
ಕನ್ನಡಕ ಮೇಲೇರಿಸಿ, ಮೆಲ್ಲಗೆ,
ಬಂದದ್ದು ನನಗೇ ಎಂಬಂತೆ:
'ಅಜ್ಜಿಗೆ ಶುಗರ್ ಇದೆ.'

ಹದಿನಾಲ್ಕು ವರ್ಷ. ಹೆಸರು ಪೌಡರು.
ಕತ್ತಿನ ಹಿಂದೆ ಒಂದು ಬಿಳಿ ಮಚ್ಚೆ,
ಕ್ಷೌರ ಮುಗಿದ ಮೇಲೆ ನಾನು ಬಡಿಯುವ ಹಾಗೆ
ಯಾರೋ ಬಡಿದು ಕಳಿಸಿದ್ದು.
ಮೂರನೇ ಕುರ್ಚಿ ಅವಳದು. ಗಿರಾಕಿ ಎಷ್ಟೇ ಇರಲಿ
ಅದಕ್ಕೆ ಕೂರುವವರಿಲ್ಲ.

ಮೂವತ್ತೆಂಟು ವರ್ಷ ಕಿವಿಗಳ ಸುತ್ತ ಕತ್ತಿಯಾಡಿಸಿದ್ದೇನೆ.
ಮದುಮಗನ ಕಿವಿ, ಹಟದ ಮಗುವಿನ ಕಿವಿ,
ಒಳಗೂ ಕೂದಲು ಬೆಳೆದ ಮುದುಕರ ಕಿವಿ.
ಒಂದು ಹನಿ ರಕ್ತ ಬಂದರೂ
ಪಟಿಕ ಉಜ್ಜಿ ಕ್ಷಮೆ ಕೇಳಿದ ಕೈ ಇದು.
ಈಗ ದಿನಾ ಬೇಕೆಂದೇ ಚುಚ್ಚಬೇಕು,
ಹನಿ ಬರಲಿ ಎಂದು ಕಾಯಬೇಕು.
ಹಿಂದಿನಿಂದ ಟಾರ್ಚು ಹಿಡಿದರೆ
ಕಿವಿ ಮುತ್ತುಗದ ಹೂವಾಗುತ್ತದೆ,
ಅಂಚಿನಲ್ಲಿ ನರ ಕಾಣುತ್ತದೆ.
ಮೊದಲ ದಿನ ಕೈ ನಡುಗಿ
ನನ್ನ ಹೆಬ್ಬೆರಳಿಗೇ ಚುಚ್ಚಿಕೊಂಡೆ.
ಯಂತ್ರ ನೂರಾ ಹನ್ನೆರಡು ಅಂದಿತು. ನನಗಿಲ್ಲ.
ಅಷ್ಟಾದರೂ ತಿಳಿಯಿತು.

'ನನ್ನ ಮಂಡಿಗೆ ಎಣ್ಣೆ ತಿಕ್ಕಲು ಬಾರದ ಕೈ'
ಅಂದಳು ಗಿರಿಜೆ, ಟಾರ್ಚು ಹಿಡಿದುಕೊಂಡೇ.

ಔಷಧಿಗೆ ತಂಪು ಬೇಕು; ನನ್ನಲ್ಲಿರುವುದು ಒಂದು ಫ್ಯಾನು.
ಪಕ್ಕದ ಜ್ಯೂಸಂಗಡಿಯ ಜುಬೇರ
ಫ್ರಿಜ್ಜಿನಲ್ಲಿ ಜಾಗ ಬಿಟ್ಟ, ಮಾವಿನ ತಿರುಳಿನ ಪಕ್ಕ,
ಸಕ್ಕರೆ ಪಾಕದ ಬಾಟಲಿಗೆ ಬೆನ್ನು ಮಾಡಿಸಿ.
ಡಬ್ಬಿಯ ಮೇಲೆ ಬರೆದ:
ಪೌಡರಮ್ಮನದು. ಮುಟ್ಟಿದರೆ ಜಗಳ.

ಬೆಳಿಗ್ಗೆ ಏಳಕ್ಕೆ, ರಾತ್ರಿ ಏಳಕ್ಕೆ.
ಊಟ ಮೊದಲು, ಸೂಜಿ ಆಮೇಲೆ.
ಬೇಯಿಸಿದ ಕೋಳಿ, ಉಪ್ಪಿಲ್ಲ, ಅನ್ನವಿಲ್ಲ,
ಟೀಯಲ್ಲಿ ಅದ್ದಿದ ಬನ್ನು ಇಲ್ಲವೇ ಇಲ್ಲ;
ಅದಕ್ಕಾಗಿ ಅವಳು ನನ್ನನ್ನು ಇನ್ನೂ ಕ್ಷಮಿಸಿಲ್ಲ.
ಹೆಗಲ ನಡುವಿನ ಚರ್ಮ ಎರಡು ಬೆರಳಲ್ಲಿ ಎತ್ತಿ
ಗುಡಾರ ಮಾಡಿ, ಅದರ ಬಾಗಿಲಲ್ಲಿ ಎರಡೇ ಯೂನಿಟ್ಟು.
ಎಷ್ಟು ಸಣ್ಣದೆಂದರೆ, ಸುಳ್ಳೇನೋ ಅನ್ನಿಸುತ್ತದೆ.

ಗಿರಾಕಿಗಳು ನಕ್ಕರು: ಬೆಕ್ಕಿಗೆ ಶುಗರ್ರಾ!
ಇನ್ನು ಬೀಪಿ ಬರಲಿ, ಆಮೇಲೆ ವಾಕಿಂಗ್ ಕಳಿಸು.
ವಾಸಪ್ಪ ಮೇಷ್ಟ್ರು ಮಾತ್ರ ನಗಲಿಲ್ಲ.
ಜೇಬಿನಿಂದ ತಮ್ಮ ಚೀಟಿ ತೆಗೆದು
'ಇವತ್ತು ಅವಳದೆಷ್ಟು?' ಎಂದರು.
ಮುನ್ನೂರ ಹತ್ತು ಸಾರ್.
'ನನ್ನದು ಇನ್ನೂರ ಎಂಬತ್ತು'
ಗೆದ್ದವರಂತೆ ಒರಗಿ ಗಡ್ಡ ಒಡ್ಡಿದರು.

ಒಂದು ಸೋಮವಾರ, ಸೂಜಿಯಾದ ಮೇಲೆ
ಉಂಡದ್ದನ್ನೆಲ್ಲ ಕಕ್ಕಿದ್ದಾಳೆ. ನಾನು ನೋಡಿಲ್ಲ.
ಷಟರು ಎಳೆಯುವ ಹೊತ್ತಿಗೆ ಕುರ್ಚಿಯಿಂದ ಜಾರಿದಳು,
ಕಾಲು ಯಾರದೋ ಕಾಲು, ಕಣ್ಣು
ಎದುರಿಗೆ ಯಾರೂ ಕೂತಿಲ್ಲದ ಕನ್ನಡಿ.
ಜುಬೇರ ಓಡಿಬಂದ, ಕೈಯಲ್ಲಿ ಸೀಸೆ:
ತೀರ್ಥಹಳ್ಳಿ ಕಡೆಯ ತುಡುವೆ ಜೇನು,
ತಾಯಿಯ ಕೆಮ್ಮಿಗೆಂದು ಮುಚ್ಚಿಟ್ಟದ್ದು.
ಒಸಡಿಗೆ ಉಜ್ಜಿದೆ. ಮತ್ತೆ ಉಜ್ಜಿದೆ.
ತಿಂಗಳಿಡೀ ಬೈದು ಓಡಿಸಿದ ಸಿಹಿಯನ್ನು
ಕಾಲಿಗೆ ಬಿದ್ದು ಒಳಗೆ ಕರೆದೆ.
ಬಿ.ಎಚ್. ರಸ್ತೆಯಲ್ಲಿ ಯಾವುದೋ ಬಸ್ಸು ಹೋಯಿತು.
ಇನ್ನೊಂದು ಹೋಯಿತು.
ಬೆರಳಿಗೆ ಒರಟು ನಾಲಗೆ ತಾಗಿತು,
ಆಮೇಲೆ ಹಲ್ಲು.
ಅಷ್ಟು ಚೆನ್ನಾಗಿ ನನ್ನನ್ನು ಯಾರೂ ಕಚ್ಚಿರಲಿಲ್ಲ.

ಮಂಗಳವಾರ ನಮ್ಮವರಿಗೆಲ್ಲ ರಜೆ,
ಅಪ್ಪನ ಕಾಲದಿಂದ ಕತ್ತರಿ ಮುಟ್ಟಿದವರಿಲ್ಲ.
ಈಗ ಏಳಕ್ಕೆ ಷಟರು ಅರ್ಧ ಎತ್ತುತ್ತೇನೆ.
ದಾರಿಯಲ್ಲಿ ಹೋಗುವವನು ಬಗ್ಗಿ ಕೇಳುತ್ತಾನೆ:
ಇದೆಯಾ ಇವತ್ತು?
ಇಲ್ಲಪ್ಪ, ಒಬ್ಬರಿಗೆ ಮಾತ್ರ.
ಮರಳಿನ ಡಬ್ಬಿಯ ಹತ್ತಿರ ನಾಲ್ಕೈದು ಇರುವೆ, ಅಷ್ಟೇ.
ಸೋತ ಹಿಂಗಾಲಿನ ಹಿಮ್ಮಡಿಯೂರಿ ಬರುತ್ತಾಳೆ;
ಕುರ್ಚಿಗೆ ನಾನೇ ಎತ್ತಬೇಕು.
ಅಲ್ಲಿಂದ, ಕನ್ನಡಿಯಲ್ಲಿ, ನನ್ನ ಕೈಯನ್ನೇ ನೋಡುತ್ತಾಳೆ,
ಹಳೇ ಗಿರಾಕಿಗಳು ನೋಡುವ ಹಾಗೆ,
ಎಷ್ಟು ತೆಗೆಯುತ್ತಾನೋ ಎಂದು.