ಹನ್ನೊಂದು ವೋಟು

ಮೇಲಿನವರು ಮೊದಲು ಕೂಡಿಕೊಂಡರು.
ಮೋತಿ ಸರ್ಕಲ್ ಹತ್ತಿರದ ಲಾಡ್ಜಿನಲ್ಲಿ
ಒಂದೇ ಹಾರಕ್ಕೆ ಎರಡು ಕುತ್ತಿಗೆ ತೂರಿಸಿ
ಫೋಟೋ ತೆಗೆಸಿಕೊಂಡ ಏಣಿಯವರೂ ಕೊಡೆಯವರೂ
ಮೂರನೇ ದಿನ ಒಂದು ಸೀಟಿನ ಸಲುವಾಗಿ
ನೀನ್ಯಾರು, ನೀನ್ಯಾರು ಅಂದುಕೊಂಡರು.
ಗಂಟೆಯವನು ಆ ಸಂಜೆ ಓಣಿಗೆಲ್ಲ
ಒಗ್ಗರಣಿ ಮಿರ್ಚಿ ಹಂಚಿಸಿದ.

ಕೌಲ್ ಬಜಾರಿನ ಶೆಡ್ಡಿನಲ್ಲಿ
ನಾನು ಜೀನ್ಸಿಗೆ ಜೇಬು ಹೊಲಿಯುತ್ತೇನೆ,
ಜುಲೇಖಾಬಿ ಕಾಜಾ ಹೊಡೆಯುತ್ತಾಳೆ.
ನನ್ನ ಮನೆ ಹಳಿಯಾಚೆ, ಗ್ರಾಮಾಂತರ.
ಅವಳದು ಈಚೆ, ನಗರ.
ನಾನು ಏಣಿ. ಅಪ್ಪನೂ ಏಣಿ.
ಮೈದಾಹಿಟ್ಟಿನ ಅಂಟು ಕಾಯಿಸಿ
ರಾತ್ರಿಯೆಲ್ಲ ಗೋಡೆಗೆ ಏಣಿ ಅಂಟಿಸುತ್ತಿದ್ದ,
ಏಣಿ ಹತ್ತಿಕೊಂಡೇ.
ಅವಳು ಕೊಡೆ. ಮದುವೆಗೆ ಮುಂಚಿನಿಂದ ಕೊಡೆ.

ಬುತ್ತಿ ಬಿಚ್ಚುವ ಹೊತ್ತಿಗೆ ಲೆಕ್ಕ ತೆಗೆದವಳು ಅವಳೇ,
ಮಾರ್ಕಿಂಗ್ ಸೀಮೆಸುಣ್ಣದಲ್ಲಿ, ಚಿಂದಿ ಬಟ್ಟೆಯ ಮೇಲೆ:
“ನಿನ್ನ ಕಡೆ ಏಣಿ ಮೂರನೇದು, ಎದ್ದು ನಿಲ್ಲಂಗಿಲ್ಲ.
ಗಂಟೆ ಇಳಿಸೋ ತಾಕತ್ತು ಅಲ್ಲಿ ಕೊಡೆಗೈತಿ.
ನನ್ನ ಕಡೆ ಕೊಡೆ ಹರದೈತಿ, ಏಣಿ ನಿಂತೈತಿ.
ನನ್ನ ವೋಟು ನೀ ಹಾಕು,
ನಿಂದು ನಾ ಹಾಕ್ತೀನಿ.”

ಕಟಿಂಗ್ ಮಾಸ್ತರ ವೀರಭದ್ರಾಚಾರಿ ನಕ್ಕ.
“ಒಳಗ ಹೋಗಿ ಆಕಿ ಏನು ಒತ್ತಿದಳೋ
ನಿನಗ ಯಾರು ಹೇಳಬೇಕು?
ಕೈಸಾಲಕ್ಕಾದರೂ ಒಂದು ಸಾಕ್ಷಿ ಇರತೈತಿ.”
ಜುಲೇಖಾಬಿ ಏನೂ ಅನ್ನಲಿಲ್ಲ.
ನನ್ನ ಡಬ್ಬಿಯ ಪುಂಡಿಪಲ್ಯ ಬಳಿದುಕೊಂಡು
ಚಿಂದಿಯಿಂದಲೇ ಕೈ ಒರೆಸಿಕೊಂಡಳು.
ಲೆಕ್ಕ ಅಳಿಸಿಹೋಯಿತು.

ಮತದಾನದ ದಿನ ಶೆಡ್ಡಿಗೆ ರಜೆ, ಬೆರಳಿಗಿಲ್ಲ.
ಉಗುರಿನ ಬುಡದಲ್ಲಿ ಹನ್ನೆರಡು ವರ್ಷದ ನೀಲಿ.
ಬೂತಿನ ಮೇಷ್ಟ್ರು ಕನ್ನಡಕ ಏರಿಸಿ
“ಏನಮ್ಮ, ಆಗಲೇ ಒಂದು ಹಾಕಿ ಬಂದೀಯೇನು?”
“ಪ್ಯಾಂಟಿನ ಬಣ್ಣ ರೀ ಸರ.”
ಉಜ್ಜಿ ನೋಡಿದರು, ಪಕ್ಕದವರಿಗೆ ತೋರಿಸಿದರು,
ಕೊನೆಗೆ ನೀಲಿಯ ಮೇಲೊಂದು ನೀಲಿ ಗೀಟು ಎಳೆದರು.

ಏಣಿ ಮೇಲಿಂದ ಎರಡನೇದು, ಕೊಡೆ ಐದನೇದು.
ಒಂದು ಗೇಣೂ ಇಲ್ಲ ನಡುವೆ.
ಅಷ್ಟು ಇಳಿಯುವುದರೊಳಗೆ
ಅಪ್ಪನ ಅಂಟಿನ ಬಕೆಟ್ಟಿನ ಹುಳಿವಾಸನೆ
ಎಲ್ಲಿಂದ ಬಂತೋ.
ಒತ್ತಿದೆ.
ಏಳು ಸೆಕೆಂಡು ಗಾಜಿನ ಹಿಂದೆ
ಚೀಟಿಯಲ್ಲಿ ಬಿಚ್ಚಿಕೊಂಡು ನಿಂತಿತ್ತು ಆ ಕೊಡೆ,
ನನ್ನನ್ನೇ ನೋಡುತ್ತಾ.
ಆಮೇಲೆ ಕತ್ತರಿಸಿ ಬಿತ್ತು.

ನಮ್ಮ ಕಡೆ ಗಂಟೆ ಇನ್ನೂರ ಹದಿನಾಲ್ಕರಲ್ಲಿ ಸೋತಿತು.
ಅವಳ ಕಡೆ ಅರವತ್ತೊಂದರಲ್ಲಿ ಗೆದ್ದಿತು.
ಪಟಾಕಿ ಸದ್ದಿಗೆ ಮಷೀನು ನಿಲ್ಲಿಸುವಂತಿಲ್ಲ.
ಜುಲೇಖಾಬಿ ಅವತ್ತು ಎರಡು ಸಲ ಕಾಜಾ ತಪ್ಪಿಸಿದಳು.
ಮಾಸ್ತರ ನನ್ನ ಕಡೆ ನೋಡಿದ,
ನಾನು ಸೂಜಿಯ ಕಡೆ.
ಕೇಳಬಹುದಿತ್ತು.
ಅವಳೂ ನನ್ನ ಕೇಳಲಿಲ್ಲವಲ್ಲ.

ಈಗ ಇರುವ ತಾಪತ್ರಯ ಮಾರೆಪ್ಪಮಾವನದು.
ಅಪ್ಪನ ಜೋಡಿ ಬಕೆಟ್ಟು ಹಿಡಿದವನು,
ಇವತ್ತಿಗೂ ಏಣಿಯ ಏಜೆಂಟು.
ಬೂತಿನ ಲೆಕ್ಕದ ಕಾಗದ ಕಿಸೆಯಲ್ಲಿ ಮಡಚಿಟ್ಟು
ಬಿಸಿಲಿನಲ್ಲಿ ಓಣಿ ಓಣಿ ತಿರುಗುತ್ತಾನೆ.
ಹೋದ ಸಲ ಇಲ್ಲಿ ಏಣಿಗೆ ಹನ್ನೆರಡು,
ಈ ಸಲ ಹನ್ನೊಂದು.

ನಿನ್ನೆ ನಮ್ಮ ಕಟ್ಟೆಗೆ ಬಂದು ಕೂತು
ಒಂದು ಚೊಂಬು ನೀರು ಕುಡಿದು
ಬೆರಳು ಮಡಚಿ ಎಣಿಸಿದ:
ಗಿರಣಿ ತಿಪ್ಪಣ್ಣ, ಅವನ ಹೆಂಡತಿ,
ಗೂಳೆಪ್ಪನ ಮನೆಯ ಮೂವರು,
ಟೈರಿನಂಗಡಿ ಹುಡುಗ...
“ನಿಂದು ಬಿಡವ್ವ, ಅದು ನಿಮ್ಮಪ್ಪನ ವೋಟು,
ಕೇಳೋದ ಬ್ಯಾಡ.”
ಮತ್ತೆ ಮೊದಲಿಂದ ಎಣಿಸಿ
ಹನ್ನೊಂದಕ್ಕೆ ನಿಂತು ನನ್ನ ಮುಖ ನೋಡಿದ.
“ಈ ಓಣ್ಯಾಗ ಯಾರು ಸತ್ತರವ್ವ,
ನನಗ ಗೊತ್ತಾಗದಂಗ?”

ನಾನು ಚೊಂಬು ತಗೊಂಡು ಒಳಗೆ ಹೋದೆ,
ಇನ್ನಷ್ಟು ನೀರು ತರಲಿಕ್ಕೆ.