ಸ್ಥಳ ಪರಿಶೀಲನೆ

ಇಟ್ಟಿಗೆಗೂಡಿನ ಎರಡನೇ ಅಡ್ಡರಸ್ತೆ, ಕೊನೆಯ ಹೆಂಚಿನ ಮನೆ.
ಅರ್ಜಿದಾರ: ಜವರಯ್ಯ ಬಿನ್ ಲೇಟ್ ಚಿಕ್ಕಮಾದಯ್ಯ.
ಕೋರಿಕೆ: ಮನೆಗಂದಾಯದಲ್ಲಿ ರಿಯಾಯಿತಿ.
ಕಾರಣ: ಕಣ್ಣು.

ಹೀಗೇ ಬರೆದಿದ್ದರು ಯಾರೋ ಬರೆದುಕೊಟ್ಟವರು,
ಬರೀ ಕಣ್ಣು ಅಂತ.
ಇದೆಯೋ ಇಲ್ಲವೋ ನೋಡಿಕೊಂಡು ಬರುವುದು
ನನ್ನ ಕೆಲಸ.

ಟೇಪು ಎಳೆದೆ. ಅದರ ಸದ್ದಿಗೇ ಹೇಳಿದರು:
"ಬಾಗಿಲಿಂದ ಒಲೆಗೆ ಹನ್ನೊಂದು ಹೆಜ್ಜೆ ಸ್ವಾಮಿ,
ಮಂಡಿನೋವು ಬಂದಮೇಲೆ ಹದಿಮೂರು.
ಮನೆ ಬೆಳೀತಾ ಇದೆ. ಅದಕ್ಕೂ ಕಂದಾಯ ಹಾಕ್ಬೇಡಿ."
ನಕ್ಕಿದ್ದು ಅವರೊಬ್ಬರೇ. ನಾನು ಸರ್ಕಾರಿ ಮುಖದಲ್ಲಿದ್ದೆ.
ಯಾರಿಗೆ ತೋರಿಸಲು ಆ ಮುಖ
ಅಂತ ಹೊಳೆದದ್ದು ಆಮೇಲೆ.

ದೊಡ್ಡಾಸ್ಪತ್ರೆಯ ಸರ್ಟಿಫಿಕೇಟು
ನಾಲ್ಕು ಮಡಿಕೆಯಾಗಿ ಅಕ್ಕಿಡಬ್ಬದಿಂದ ಎದ್ದು ಬಂತು.
ಶೇಕಡ ನೂರು.
"ಐದನೇ ಕ್ಲಾಸಿನ ಲೆಕ್ಕದಲ್ಲಿ ಇಪ್ಪತ್ತೆರಡು ತಗೊಂಡಿದ್ದೆ.
ನೂರಕ್ಕೆ ನೂರು ಕೊಟ್ಟಿದ್ದು ಆ ಡಾಕ್ಟ್ರಮ್ಮ ಒಬ್ಬರೇ."

ಗೋಡೆಯ ಮೊಳೆಗೆ ಒಂದು ಬಿಳಿ ಕೋಲು.
ಪಕ್ಕದ ಮೊಳೆಗೆ ಇನ್ನೊಂದು.
ಹಿತ್ತಲ ಶೀಟಿನ ಕೋಣೆಯಿಂದ ಕೆಮ್ಮು.

ಕೇಳಲೇಬೇಕು, ಅದು ಹದಿನಾಲ್ಕನೇ ಕಲಂ:
ಬಾಡಿಗೆದಾರರು ಇದ್ದಾರೆಯೇ?
ಇದ್ದರೆ ರಿಯಾಯಿತಿ ಇಲ್ಲ.
ಎಷ್ಟು ಮನೆಗಳಲ್ಲಿ ಈ ಪ್ರಶ್ನೆ ಕೇಳಿದೊಡನೆ
ಅಣ್ಣನ ಮಗ, ಅತ್ತೆಯ ತಮ್ಮ, ದೇವರಾಣೆ ನೆಂಟರು
ನಿಂತ ನಿಲುವಿನಲ್ಲೇ ಹುಟ್ಟಿಕೊಂಡಿಲ್ಲ!
ಜವರಯ್ಯ ಒಬ್ಬ ನೆಂಟನನ್ನೂ ಹುಟ್ಟಿಸಲಿಲ್ಲ.

"ಇದಾನೆ. ಮರಿಜೋಸೆಫ್. ತಿಂಗಳಿಗೆ ಎಂಟುನೂರು.
ಝೂ ಗೇಟಿನ ಹತ್ರ ತೂಕದ ಮಿಷನ್ನು ಇಟ್ಕೊಂಡು ಕೂರ್ತಾನೆ.
ಅವನಿಗೆ ಎಪ್ಪತ್ತೈದು. ಇನ್ನೂ ಇಪ್ಪತ್ತೈದು ಬಾಕಿ.
ಮುಳ್ಳು ಎಲ್ಲಿ ನಿಂತ್ತು ಅಂತ ಹತ್ತಿದವರೇ ಹೇಳ್ತಾರೆ,
ಯಾರೂ ಜಾಸ್ತಿ ಹೇಳಲ್ಲ. ಇವನು ಎಲ್ಲರನ್ನೂ ನಂಬ್ತಾನೆ."

ನಾನೇ ದಾರಿ ಮಾಡಿಕೊಟ್ಟೆ. ದನಿ ತಗ್ಗಿಸಿ,
"ಸುಮ್ಮನೆ ಜೊತೆಗಿದಾರೆ ಅಂತ ಬರ್ಕೊಳ್ಳಲಾ?"
"ಕೊಡ್ತಾನಲ್ಲ ಸ್ವಾಮಿ. ಇಲ್ಲ ಅಂದ್ರೆ ಬೇಜಾರಾಗತ್ತೆ,
ಕೇಳಿಸ್ಕೋತಾ ಇದಾನೆ."

ಕೆಮ್ಮು ನಿಂತಿತ್ತು.

ದೂರದಲ್ಲಿ, ಅಷ್ಟು ದೂರವೂ ಅಲ್ಲ, ಸಿಂಹ ಕೂಗಿತು.
"ಆರೂವರೆ ಆಯ್ತು. ನಿಮ್ಮ ಆಫೀಸು ಮುಚ್ಚಿರ್ತದೆ, ಕೂತ್ಕೊಳಿ."
ಕೂತೆ. ಬಕೆಟ್ಟಿನಲ್ಲಿ ನೆನೆಯುತ್ತಿದ್ದ ಬೆತ್ತದ ಹಸಿವಾಸನೆ.
ಅವರ ಹೆಬ್ಬೆಟ್ಟಿಗೆ ಶಾಯಿ ಹಚ್ಚಿ ಒತ್ತಿಸಿಕೊಂಡೆ.
ಬೆತ್ತ ಸೀಳಿ ಸೀಳಿ ರೇಖೆಯೆಲ್ಲ ಸವೆದಿತ್ತು,
ಕಾಗದದ ಮೇಲೆ ಬಿದ್ದದ್ದು ಬರೀ ಒಂದು ನೀಲಿ ಮೋಡ.
ಇನ್ನೊಮ್ಮೆ ಒತ್ತಿಸಿದೆ. ಇನ್ನೊಂದು ಮೋಡ.

"ಸರಿಯಾಗಿ ಬರ್ಲಿಲ್ವಾ? ಹೋಗ್ಲಿ ಬಿಡಿ.
ನಿಮ್ಮ ಕಚೇರಿಗೆ ಹನ್ನೆರಡು ಕುರ್ಚಿ ಹೆಣೆದವನು ನಾನೇ,
ಆಗಿನ್ನೂ ಒಂಚೂರು ಬೆಳಕು ಬರ್ತಿತ್ತು.
ಅಡಿಯಲ್ಲಿ, ಬಲಗಡೆ, ಹಿಂದಿನ ಕಾಲಿನ ಹತ್ರ
ಬೇಕಿಲ್ಲದ ಗಂಟು ಒಂದು ಹಾಕಿರ್ತೀನಿ.
ನನ್ನ ರುಜು ಅಂತ ಇಟ್ಕೊಳಿ."

ಬೆಳಿಗ್ಗೆ. ಕಚೇರಿ. ಹದಿನಾಲ್ಕನೇ ಕಲಂ ಇನ್ನೂ ಖಾಲಿ.
ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ.
ಸಿಕ್ಕರೆ ಸಿಗುವ ರಿಯಾಯಿತಿ ವರ್ಷಕ್ಕೆ ಆರುನೂರ ಮೂವತ್ತು:
ಮರಿಜೋಸೆಫನ ಇಪ್ಪತ್ತನಾಲ್ಕು ದಿನದ ಬಾಡಿಗೆಗೆ
ಚೂರು ಕಮ್ಮಿ.
ಇಷ್ಟಕ್ಕಾಗಿ ಸುಳ್ಳು ಹೇಳಲಿಲ್ಲವಲ್ಲ ಆ ಮನುಷ್ಯ,
ಇಷ್ಟಕ್ಕಾಗಿ ನಾನು ನಿಜ ಬರೆಯಬೇಕಲ್ಲ.

ಕೈ ತಾನಾಗೇ ಕುರ್ಚಿಯ ಅಡಿಗೆ ಹೋಯಿತು.
ಬಗ್ಗಿ ನೋಡಬಹುದಿತ್ತು. ನೋಡಲಿಲ್ಲ.
ದೂಳು. ಜೇಡರಬಲೆ. ಯಾರೋ ಮೆತ್ತಿ ಮರೆತ ಗೋಂದು.
ಮುರಿದ ಒಂದೆಳೆ ಬೆರಳಿಗೆ ಚುಚ್ಚಿತು.
ಬಲಗಡೆ. ಹಿಂದಿನ ಕಾಲಿನ ಹತ್ತಿರ.

"ಏನ್ರೀ ಹುಡುಕ್ತಿದೀರಾ?" ಅಂದರು ಹೆಡ್ ಕ್ಲರ್ಕು.
"ದಾಖಲೆ ಸಾರ್."

ಸಿಕ್ಕಿತು.
ಕಡಲೆಕಾಳಿನಷ್ಟು, ಗಟ್ಟಿಯಾಗಿ.
ಬಿಚ್ಚಲು ಹಾಕಿದ ಗಂಟಲ್ಲ ಅದು.