ಹದಿನಾಲ್ಕನೇ ಕಂಬ

ಗೋಣಿಕೊಪ್ಪದ ತೂಕದ ಕಟ್ಟೆ. ರಾತ್ರಿ ಒಂಬತ್ತೂವರೆ.
ರೊಬಸ್ಟಾ ಹೊತ್ತ ಹನ್ನೊಂದು ಲಾರಿ
ಪಾಲಿಬೆಟ್ಟ ರಸ್ತೆಯ ತಿರುವಿನ ತನಕ.
ಅಂಕಿ ಮಿಣಮಿಣ ಎನ್ನುತ್ತದೆ, ಚೀಟಿ ಬರುವುದಿಲ್ಲ,
ಪ್ರಿಂಟರು ಬಾಯಿ ತೆರೆದುಕೊಂಡು ಹಾಗೇ ಕೂತಿದೆ.
ಮೊಯ್ದು ಕಿಟಕಿಗೆ ಮೊಣಕೈ ಊರಿ ಕೇಳುತ್ತಾನೆ:
'ಪೊನ್ನಕ್ಕೀ, ಏನು, ಅದಕ್ಕೂ ಉಪವಾಸವಾ?'

ಉಪವಾಸವಲ್ಲ ಮೊಯ್ದು, ಯಾರೋ ವಿಪರೀತ ತಿನ್ನುತ್ತಿದ್ದಾರೆ.

ಕಪ್ಪು ಪರದೆ ತೆರೆದು ಮೂರಕ್ಷರ ಒತ್ತಿದೆ: ಟಾಪ್.
ಮೇಲ್ಗಡೆ ಮೂರು ಸಂಖ್ಯೆ,
ಈ ಒಂದು ನಿಮಿಷದ ಭಾರ, ಐದರದ್ದು, ಹದಿನೈದರದ್ದು.
ಕೆಳಗೆ ಹಿತ್ತಲಿನ ಕೆಲಸದವರ ಸಾಲು.
ಇವರ ಹೆಸರಿನ ತುದಿಗೆಲ್ಲ ಒಂದು 'ಡಿ' ಅಂಟಿಕೊಂಡಿರುತ್ತದೆ.
ಗಂಟೆ ನೋಡಿಕೊಳ್ಳುವವನು, ಬಾಗಿಲು ಕಾಯುವವನು,
ಮುದ್ರಣದ ಸರದಿ ಹಿಡಿದವನು,
ಎಲ್ಲರ ಮುಂದೆಯೂ ಸೊನ್ನೆ, ಸೊನ್ನೆ ಬಿಂದು ಮೂರು.
ಒಬ್ಬನ ಮುಂದೆ ಮಾತ್ರ ತೊಂಬತ್ತೊಂಬತ್ತು.

ಎರಡೇ ಮಿದುಳಿನ ಹಳೆಯ ಯಂತ್ರ.
ಒಂದು ಪೂರ್ತಿ ಅವನದು.
ಉಳಿದದ್ದರಲ್ಲಿ ತೂಕ, ಲೆಕ್ಕ, ಚೀಟಿ, ಹನ್ನೊಂದು ಲಾರಿ.

ಹೆಸರು: ಬೇಲಿಡಿ.
ಬರೆದವರು ನನಗಿಂತ ಮುಂಚೆ ಈ ಕುರ್ಚಿಯಲ್ಲಿದ್ದ ಪೆಮ್ಮಯ್ಯ.
ಫೋನು ಹಚ್ಚಿದೆ. ಅತ್ತ ಮದುವೆ ಮನೆ, ವಾಲಗ, ಗದ್ದಲ.
'ಯಾವುದು? ಓ, ಅದಾ! ಇನ್ನೂ ಇದೆಯಾ?
ಕೊಂದುಬಿಡು ಮಾರಾಯ್ತಿ! ಕೊಲ್ಲು! ಒಂಬತ್ತು ಹಾಕಿ ಕೊಲ್ಲು!'
ವಾಲಗ ಒಂದು ಗಳಿಗೆ ನಿಂತ ಹಾಗಾಯಿತು.
ಯಾರೋ ಹೆಂಗಸು ಕೇಳುವುದು ಕೇಳಿಸಿತು,
'ಯಾರನ್ನಂತೆ?'

ಬೆರಳು ಇಟ್ಟವಳು ತೆಗೆದೆ.
ಇಷ್ಟು ಉಣ್ಣುವವನು ಏನೋ ಮಾಡುತ್ತಿರಬೇಕಲ್ಲ,
ಅವನ ದಿನಚರಿ ಬಿಚ್ಚಿದೆ.

ಕಂಬ ಹದಿನಾಲ್ಕು, ಉತ್ತರವಿಲ್ಲ.
ಕಂಬ ಹದಿನಾಲ್ಕು, ಉತ್ತರವಿಲ್ಲ.
ಕಂಬ ಹದಿನಾಲ್ಕು,
ನಿಮಿಷಕ್ಕೊಂದು ಸಾಲು,
ಐವತ್ನಾಲ್ಕು ಸಾವಿರದ ಏಳುನೂರು ಚಿಲ್ಲರೆ.
ಮೇಲಕ್ಕೆ ಸರಿಸುತ್ತಾ ಹೋದೆ, ಪುತ್ತರಿಯ ಮರುದಿನದ ತನಕ.
ಅಲ್ಲಿ, ರಾತ್ರಿ ಎರಡು ಗಂಟೆ ಹತ್ತು ನಿಮಿಷಕ್ಕೆ,
ಕೊನೆಯ ಸಲ: ಸರಿ ಇದ್ದೇನೆ.

ತಿತಿಮತಿ ಕಡೆಯ ಆನೆ ಬೇಲಿ. ಕಂಬದ ತಲೆಗೊಂದು ಪೆಟ್ಟಿಗೆ.
ಪೆಮ್ಮಯ್ಯ ಅದಕ್ಕೆ 'ಇದ್ದೀಯಾ' ಎಂದು ಕೇಳಲು ಕಲಿಸಿದ್ದ,
ಉತ್ತರ ಬಾರದಿದ್ದರೆ ಮತ್ತೆ ಕೇಳಲು ಕಲಿಸಿದ್ದ,
ನಡುವೆ ಉಸಿರು ಬಿಡಲು ಕಲಿಸಿರಲಿಲ್ಲ.
ಡಿಸೆಂಬರಿನಲ್ಲಿ ಲಾರಿಗಳಿಲ್ಲ, ಅವನ ಕೂಗು ಯಾರಿಗೂ ಅಡ್ಡ ಬರಲಿಲ್ಲ.

ಬೇಲಿ ಕಾಯುವ ತಮ್ಮುವಿಗೆ ಫೋನು ಮಾಡಿದೆ.
'ಹದಿನಾಲ್ಕಾ? ಅದು ಬಿದ್ದು ತಿಂಗಳ ಮೇಲಾಯ್ತಲ್ಲ ಅಕ್ಕ.
ಒಂಟಿಯೊಂದು ಮರ ತಳ್ಳಿ ಮೇಲೆ ಕೆಡವಿತು.
ಆಫೀಸಿಗೆ ಬಂದು ಮೂರು ಸಲ ಹೇಳಿದ್ದೆ.
ನೀವೇ ಒಂದು ಸಲ, ಕೂತ್ಕೋ ಅಂದ್ರಿ, ಟೀ ಕೊಟ್ರಿ.'

ಟೀ ಕೊಟ್ಟದ್ದು ನೆನಪಾಯಿತು.
ಏನು ಹೇಳಿದ ಎಂಬುದು ನೆನಪಾಗಲಿಲ್ಲ.

ಹೊರಗೆ ಹಾರನ್ನು. ಕಡತ ತೆರೆದು
ಕೇಳುವುದಕ್ಕೂ ಕೇಳುವುದಕ್ಕೂ ನಡುವೆ ಅರವತ್ತು ಸೆಕೆಂಡು ನಿದ್ದೆ ಸೇರಿಸಿದೆ,
ಸೇವೆ ನಿಲ್ಲಿಸಿ ಮತ್ತೆ ಎಬ್ಬಿಸಿದೆ.
ತೊಂಬತ್ತೊಂಬತ್ತು ಇದ್ದಲ್ಲಿ ಸೊನ್ನೆ ಬಿಂದು ಒಂದು.
ಪ್ರಿಂಟರು ಕೆಮ್ಮಿ, ಒಂದರ ಮೇಲೊಂದು ಏಳು ಚೀಟಿ ಉಗುಳಿತು.
ಮೊಯ್ದು ತನ್ನದನ್ನು ಹರಿದುಕೊಂಡು
ಜೇಬಿನಿಂದ ಒಂದು ಕಿತ್ತಳೆ ಕಿಟಕಿಯೊಳಗೆ ಉರುಳಿಸಿ ಹೋದ.

ಅರಣ್ಯ ಕಚೇರಿಗೆ ಕಾಗದ ಬರೆದೆ, ತಮ್ಮುವಿನ ಹೆಸರು ಹಾಕಿ,
ಅವನು ಬಂದ ಮೂರು ತಾರೀಕನ್ನೂ ಕೇಳಿ ಬರೆಸಿಕೊಂಡು.
ಆಮೇಲೆ ಬೇಲಿಡಿಯ ಕಡತಕ್ಕೇ ಹಿಂದಿರುಗಿ
ಎಲ್ಲಕ್ಕಿಂತ ಮೇಲೆ, ಯಂತ್ರ ಓದದೆ ದಾಟಿಹೋಗುವ
ಗುರುತು ಹಾಕಿದ ಸಾಲಿನಲ್ಲಿ, ಕನ್ನಡದಲ್ಲೇ, ಟೈಪಿಸಿದೆ:

ಹದಿನಾಲ್ಕು ಉತ್ತರಿಸದಿದ್ದರೆ ತಮ್ಮುವನ್ನು ಕೇಳುವುದು.
ಅವನು ಮೊದಲೇ ಹೇಳಿರುತ್ತಾನೆ.